ಜಾನುವಿನ ಹಾಲುಹಲ್ಲು

ನಮ್ಮ ಮನೆಯಲ್ಲಿ ಮಕ್ಕಳನ್ನು ಹೆದರಿಸಲು ಯಾರೂ ದೆವ್ವದ ಹೆಸರು ಎತ್ತುತ್ತಿರಲಿಲ್ಲ. ಆ ಕೆಲಸಕ್ಕೆ ಹಲ್ಲಿನ ಡಾಕ್ಟರಿದ್ದರು. ಅವರನ್ನು ನಾವ್ಯಾರೂ ಕಂಡವರಲ್ಲ. ಮಡಿಕೇರಿಯಲ್ಲಿ ಎಲ್ಲೋ ಒಂದು ಮಹಡಿಯ ಮೇಲೆ ಕೂತಿರುತ್ತಾರೆ ಎನ್ನುವುದಷ್ಟೇ ಗೊತ್ತು. ತಟ್ಟೆಯಲ್ಲಿ ಅನ್ನ ಬಿಟ್ಟರೆ, ಕಾಲು ತೊಳೆಯದೆ ಒಳಗೆ ಬಂದರೆ, ಅಜ್ಜಿಯ ಎಲೆಅಡಿಕೆ ತಟ್ಟೆಗೆ ಕೈ ಹಾಕಿದರೆ, ಅವ್ವ ಅಡುಗೆಮನೆಯಿಂದಲೇ ಕೂಗುತ್ತಿದ್ದಳು:

“ಇರು, ಹಲ್ಲಿನ ಡಾಕ್ಟ್ರ ಹತ್ರ ಬಿಟ್ಟು ಬರ್ತೇನೆ.”

ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ತಂಗಿ ಜಾನಕಿಗೆ, ನಮ್ಮೆಲ್ಲರ ಜಾನುವಿಗೆ, ಐದು ತುಂಬಿತ್ತಷ್ಟೆ. ಆ ಮಾತು ಕೇಳಿದ ಕೂಡಲೇ ನಾನು ನಗುತ್ತಿದ್ದೆ, ಅವಳು ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಎರಡು ಕೈಯನ್ನೂ ಒಂದರ ಮೇಲೊಂದು ಇಟ್ಟು, ಮೂಗಿನವರೆಗೆ ಮುಚ್ಚಿಕೊಳ್ಳುತ್ತಿದ್ದಳು. ಅದನ್ನು ನೋಡುವುದು ನಮಗೆಲ್ಲ ಒಂದು ತಮಾಷೆಯಾಗಿತ್ತು.

ಅಪ್ಪ ಮಾದಾಪುರದಿಂದ ಮೇಲಕ್ಕಿರುವ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದ. ಬೆಳಿಗ್ಗೆ ಕೆಲಸದವರ ಹಾಜರಿ ಹಾಕುವುದು, ಯಾರನ್ನು ಯಾವ ತೋಟದ ಪಿಕ್ಕಿಂಗಿಗೆ ಕಳಿಸಬೇಕೆಂದು ಹೇಳುವುದು, ಸಂಜೆ ಕಾಫಿ ಹಣ್ಣು ತೂಗಿಸುವುದು ಅವನ ಕೆಲಸ. ನಮಗೆ ಕೊಟ್ಟಿದ್ದ ಕ್ವಾರ್ಟರ್ಸಿನಲ್ಲಿ ರೈಲುಡಬ್ಬಿಗಳಂತೆ ಸಾಲಾಗಿ ಮೂರು ಕೋಣೆ. ಮುಂದಿನದರಲ್ಲಿ ಅಪ್ಪನ ಮೇಜು ಮತ್ತು ಅವನ ಮಂಚ. ನಡುವಿನದರಲ್ಲಿ ಅಜ್ಜಿ, ನಾನು, ಜಾನು. ಹಿಂದಿನದು ಅಡುಗೆಮನೆ. ಅದರಾಚೆ ಬಚ್ಚಲು. ಅಲ್ಲಿ ಹಂಡೆಯೊಲೆ ದಿನವಿಡೀ ಹೊಗೆಯಾಡುತ್ತಿತ್ತು. ಮನೆಯ ಕೆಳಗೆ ಕಾಫಿ ಒಣಗಿಸುವ ಕಣ, ಅದರ ಪಕ್ಕದಲ್ಲೇ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್. ಹಣ್ಣಿನ ಕಾಲದಲ್ಲಿ ಕೊಳೆತ ಸಿಪ್ಪೆಯ ಹುಳಿವಾಸನೆ ಕಿಟಕಿ ಮುಚ್ಚಿದರೂ ಒಳಗೆ ಬಂದು ಬಟ್ಟೆಗೆ, ಹಾಸಿಗೆಗೆ, ಕೂದಲಿಗೆ ಹತ್ತುತ್ತಿತ್ತು. ಆ ಮೂರು ತಿಂಗಳು ನಮ್ಮ ಮೂಗಿಗೆ ಬೇರೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಇದನ್ನು ಹೇಳಲು ಕಾರಣವಿದೆ. ಜಾನುವಿನ ಬಾಯಿ ವಾಸನೆ ಬರಲು ಶುರುವಾದಾಗ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಬೆಳಿಗ್ಗೆ ಬಚ್ಚಲ ಕಲ್ಲಿನ ಮೇಲೆ ಕೂತು ಹಲ್ಲುಜ್ಜುವುದು ನಮ್ಮ ಮೊದಲ ಜಗಳ. ಮಾದಾಪುರದ ಅಂಗಡಿಯಿಂದ ಅಪ್ಪ ತರುತ್ತಿದ್ದ ಹಲ್ಲುಪುಡಿ ಕೆಂಪು. ಉಗಿದರೆ ಕಲ್ಲಿನ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಜಾನು ಅದನ್ನು ರಕ್ತ ಅಂದುಕೊಂಡಿದ್ದಳು. ಯಾರೂ ಅಲ್ಲವೆಂದು ಹೇಳಿರಲಿಲ್ಲ. ಅವಳು ಬೆರಳನ್ನು ನೀರಿಗೆ ಅದ್ದಿ ತುಟಿ ಒರೆಸಿಕೊಂಡು ಬರುತ್ತಿದ್ದಳು. ಅವ್ವನಿಗೆ ಹಾಜರಿಗೆ ಹೊರಟ ಅಪ್ಪನ ರೊಟ್ಟಿಯ ಗಡಿಬಿಡಿ, ಯಾರು ಬಾಯಿ ತೆಗೆದು ನೋಡಬೇಕು? ಇನ್ನು ಅಜ್ಜಿ. ಜಾನು ಅತ್ತರೆ ಬೆಲ್ಲ, ಬಿದ್ದರೆ ಬೆಲ್ಲ, ಮಲಗದಿದ್ದರೆ ಬೆಲ್ಲ. ನೆಲ್ಲಿಕಾಯಿ ಗಾತ್ರದ ಬೆಲ್ಲದ ಉಂಡೆಯನ್ನು ಅವಳ ದವಡೆಗೆ ಒತ್ತರಿಸಿ, ತಲೆ ತಟ್ಟುತ್ತಾ ಮಲಗಿಸುತ್ತಿದ್ದಳು. ಮಗು ಅದನ್ನು ಚೀಪುತ್ತಲೇ ನಿದ್ದೆ ಹೋಗುತ್ತಿತ್ತು. ಅವ್ವ ಎಷ್ಟೋ ಸಲ ಬೇಡವೆಂದಿದ್ದಳು.

“ಹಲ್ಲೆಲ್ಲ ಕಪ್ಪಾಗಿ ಹೋಗ್ಯುಂಟು, ನೋಡಿ ಅತ್ತೆ. ಒಂದ್ಸಲ ಮಡಿಕೇರಿಗೆ ಕರ್ಕೊಂಡು ಹೋಗಿ ತೋರಿಸುವ ಅಂತ ನಿಮ್ಮ ಮಗಂಗೆ ಹೇಳಿ,” ಎಂದಳು ಒಮ್ಮೆ.

ಅಪ್ಪ ಮುಂದಿನ ಕೋಣೆಯಿಂದಲೇ ಉತ್ತರ ಕೊಟ್ಟ:

“ಹಾಲುಹಲ್ಲು ತಾನೆ? ಬಿದ್ದುಹೋಗ್ತದೆ. ಬಿದ್ದುಹೋಗುವ ಹಲ್ಲಿಗೆ ಎಂತ ಡಾಕ್ಟ್ರು!”

ಅಪ್ಪನಿಗೇ ಡಾಕ್ಟರೆಂದರೆ ಭಯವಿತ್ತೆಂದು ಈಗ ಅನಿಸುತ್ತದೆ. ಆದರೆ ಅವನು ಆ ಭಯವನ್ನು ನಗೆಯ ಕಥೆ ಮಾಡಿಕೊಂಡಿದ್ದ. ನೆಂಟರು ಬಂದಾಗಲೆಲ್ಲ ಅದನ್ನು ಹೇಳುತ್ತಿದ್ದ. ಸಣ್ಣವನಿದ್ದಾಗ ಅವನಿಗೆ ದವಡೆ ಹಲ್ಲು ನೋವು ಬಂದು, ಅವನ ಅಪ್ಪ ಗೋಣಿಕೊಪ್ಪಲಿನ ಸಂತೆಗೆ ಕರೆದುಕೊಂಡು ಹೋಗಿದ್ದರಂತೆ. ಅಲ್ಲೊಬ್ಬ ಮರದಡಿ ಬಟ್ಟೆ ಹಾಸಿ, ಅದರ ಮೇಲೆ ಕಿತ್ತ ಹಲ್ಲುಗಳನ್ನು ಹರಡಿಕೊಂಡು ಕೂತಿದ್ದನಂತೆ. ಇಬ್ಬರು ಕಾಲು ಹಿಡಿದರು, ಒಬ್ಬ ತಲೆ ಹಿಡಿದ.

“ಒಂದು ಕಿತ್ತ. ಅದಲ್ಲ ಅಂದೆ. ಪಕ್ಕದ್ದು ಕಿತ್ತ!”

ಹೀಗೆನ್ನುತ್ತಾ ಅಪ್ಪ ಬಾಯಿಗೆ ಬೆರಳು ಹಾಕಿ ಕೆನ್ನೆ ಎಳೆದು, ಎರಡು ಹಲ್ಲಿಲ್ಲದ ಜಾಗ ತೋರಿಸುತ್ತಿದ್ದ. ಊಟಕ್ಕೆ ಕೂತವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಜಾನು ಅಜ್ಜಿಯ ಬೆನ್ನ ಹಿಂದೆ ಸರಿಯುತ್ತಿದ್ದಳು.

ಆ ಕಥೆಗೆ ನಾನು ಬಾಲ ಸೇರಿಸಿದೆ. ಇದನ್ನು ಬರೆಯಲು ಕೈ ಹಿಂದೇಟು ಹಾಕುತ್ತಿದೆ, ಆದರೂ ಬರೆಯಬೇಕು. ಶಾಲೆಯಿಂದ ಬಂದ ಮೇಲೆ ಆಟಕ್ಕೆ ನಾವಿಬ್ಬರೇ. ಒಂದು ದಿನ ಅಪ್ಪನ ಸಾಮಾನಿನ ಪೆಟ್ಟಿಗೆಯಿಂದ ಇಕ್ಕಳ ತೆಗೆದೆ. ಒಂದು ಮುಸುಕಿನ ಜೋಳದ ತೆನೆಯನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಕಾಳನ್ನು ಇಕ್ಕಳದಿಂದ ಹಿಡಿದು ತಿರುಗಿಸಿ ಕಿತ್ತೆ. ಕಾಳು ಬರುವಾಗ ಚಟ್ ಎಂದು ಸದ್ದಾಗುತ್ತಿತ್ತು. ಒಂದು ಸಾಲು ಪೂರ್ತಿ ಖಾಲಿ ಮಾಡಿ ತೆನೆಯನ್ನು ಜಾನುವಿನ ಮುಖದ ಮುಂದೆ ಹಿಡಿದೆ.

“ಡಾಕ್ಟ್ರು ಹೀಗೇ ಕೀಳುದು. ಅತ್ತರೆ ಇನ್ನೊಂದು ಸಾಲು.”

ಅವಳು ಅಳಲಿಲ್ಲ. ತೆನೆಯನ್ನೇ ನೋಡುತ್ತಿದ್ದಳು. ನನಗೆ ಅವಳ ಮೇಲೆ ಸಿಟ್ಟೇನೂ ಇರಲಿಲ್ಲ. ಹೇಳಿದ ಮಾತು ಇನ್ನೊಬ್ಬರ ಮುಖದ ಬಣ್ಣ ಬದಲಿಸುತ್ತದೆಂಬುದು ಆಗಷ್ಟೇ ನನಗೆ ತಿಳಿದಿತ್ತು. ಅದರ ರುಚಿ ಹತ್ತಿತ್ತು, ಅಷ್ಟೆ. ಆಮೇಲೆ ಆ ಆಟವನ್ನು ಎಷ್ಟೋ ಸಂಜೆ ಆಡಿದೆ.

ಹೊಸ ಅಕ್ಕಿಯ ಹಬ್ಬ ಹುತ್ತರಿಗೆ ಇನ್ನೂ ಕೆಲವು ದಿನಗಳಿದ್ದಾಗ ಜಾನು ಒಂದೇ ಬದಿಯಲ್ಲಿ ಅಗಿಯತೊಡಗಿದಳು. ಅಕ್ಕಿರೊಟ್ಟಿಯ ಗಟ್ಟಿ ಅಂಚನ್ನು ಮೆಲ್ಲಗೆ ಕಿತ್ತು ಬಾಗಿಲ ಬಳಿಯ ನಾಯಿಗೆ ಹಾಕುತ್ತಿದ್ದಳು. ಬಚ್ಚಲಲ್ಲಿ ನಾನು ಅವಳ ಬಾಯಿ ತೆಗೆಸಿ ನೋಡಿದೆ. ಎಡಗಡೆ, ಕೆಳಗಿನ ಸಾಲಿನ ಕೊನೆಯ ಹಲ್ಲಿನಲ್ಲಿ ದೊಡ್ಡ ತೂತು. ಅದರ ಪಕ್ಕದ ಒಸಡಿನ ಮೇಲೆ ಮೆಣಸಿನಕಾಳಿನಷ್ಟು ದೊಡ್ಡ ಬಿಳಿ ಗುಳ್ಳೆ. ವಾಸನೆಗೆ ನಾನು ಮುಖ ತಿರುಗಿಸಿದೆ.

“ಅಕ್ಕ, ಅವ್ವಂಗೆ ಹೇಳ್ಬೇಡ. ಕೀಳ್ತಾರೆ.”

“ಹೇಳುದಿಲ್ಲೆ. ನಾನು ಹೇಳಿದ್ದು ಕೇಳ್ಬೇಕು ಮತ್ತೆ.”

ಅವಳು ಕೇಳಿದಳು. ನನ್ನ ಪಾಲಿನ ಸೌದೆ ಹೊತ್ತಳು, ತನ್ನ ಪಾಲಿನ ತಂಬಿಟ್ಟನ್ನು ನನಗೆ ಕೊಟ್ಟಳು. ಮಾತು ಕೇಳದಿದ್ದಾಗ ನಾನು ಅಡುಗೆಮನೆಯ ಕಡೆ ತಿರುಗಿ “ಅವ್ವಾ” ಎಂದು ಅರ್ಧ ಕೂಗುತ್ತಿದ್ದೆ. ಅಷ್ಟೇ ಸಾಕಾಗುತ್ತಿತ್ತು. ಅಜ್ಜಿಯ ಡಬ್ಬಿಯಿಂದ ಲವಂಗ ಕದ್ದು ತಂದು ಹಲ್ಲಿನ ತೂತಿಗೆ ಇಟ್ಟವಳೂ ನಾನೇ. ಹುತ್ತರಿಯ ಹಿಂದಿನ ದಿನ ಗುಳ್ಳೆ ಒಡೆದು ನೋವು ನಿಂತಿತು. ಇಬ್ಬರೂ ಗುಣವಾಯಿತೆಂದೇ ತಿಳಿದೆವು. ಹಬ್ಬದ ದಿನ ಅವಳು ಹೊಸ ಅಕ್ಕಿಯ ಪಾಯಸವನ್ನು ಎರಡು ಸಲ ಹಾಕಿಸಿಕೊಂಡು ತಿಂದಳು.

ಹಬ್ಬ ಕಳೆದು ಎಸ್ಟೇಟಿನಲ್ಲಿ ಪಿಕ್ಕಿಂಗ್ ಜೋರಾಯಿತು. ಒಂದು ಬೆಳಿಗ್ಗೆ ಜಾನು ಎದ್ದಾಗ ಅವಳ ಎಡದವಡೆ ಊದಿ ಕೆನ್ನೆಯಿಂದ ಹೊರಗೆ ಬಂದಿತ್ತು. ಮೈ ಕಾದ ಕಾವಲಿಯಂತಿತ್ತು.

“ಎಂತಾತ್ ಕೂಸೆ?” ಅಜ್ಜಿ ಹೌಹಾರಿದಳು.

ಆ ವಾರ ಕೆಲಸದವರ ಲೈನ್ ಮನೆಗಳಲ್ಲಿ ಇಬ್ಬರು ಮಕ್ಕಳಿಗೆ ಮಂಗನಬಾವು ಎದ್ದಿತ್ತು. ಅವ್ವ ಒಂದು ಸಲ ನೋಡಿ, ಅದೇ ಎಂದಳು. ಅಜ್ಜಿಯೂ ಅದೇ ಎಂದಳು. ಅಪ್ಪ ಹೊಸ್ತಿಲಲ್ಲಿ ನಿಂತು ನೋಡಿ, ಐದಾರು ದಿನದಲ್ಲಿ ಇಳಿಯುತ್ತದೆಂದು ಹೇಳಿ ಕಣಕ್ಕೆ ಹೋದ. ಅಜ್ಜಿ ಅರಿಶಿನ ಅರೆದು ಹಚ್ಚಿದಳು. ಬಟ್ಟೆಯನ್ನು ಕಾಯಿಸಿ ಕಾಯಿಸಿ ಶಾಖ ಕೊಟ್ಟಳು. ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದಳು. ಅದು ಮಂಗನಬಾವು ಅಲ್ಲವೆಂದು ಆ ಮನೆಯಲ್ಲಿ ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬಳಿಗೆ ಬಾಯಿ ತೆಗೆಯಲು ಆಗುತ್ತಿರಲಿಲ್ಲ. ಇನ್ನೊಬ್ಬಳು ನಾನು.

ಆ ದಿನ ನಾನು ಹೇಳಲಿಲ್ಲ. ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಕೇಳುತ್ತಾರೆ. ಸೌದೆ, ತಂಬಿಟ್ಟು, ಇಕ್ಕಳ, ಎಲ್ಲವೂ ಹೊರಗೆ ಬರುತ್ತದೆ. ಮಂಗನಬಾವು ಆದರೆ ತಾನೇ ಇಳಿಯುತ್ತದಲ್ಲ, ಇದೂ ಇಳಿಯಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಶಾಲೆಗೆ ಹೋದೆ. ಬಂದಾಗ ಬಾವು ಗದ್ದದ ಕೆಳಗೆ ಇಳಿದಿತ್ತು. ಮರುದಿನ ಬೆಳಿಗ್ಗೆ ಇನ್ನೊಂದು ಬದಿಗೂ ಹೋಗಿತ್ತು. ಅವಳ ಕುತ್ತಿಗೆಯೇ ಕಾಣುತ್ತಿರಲಿಲ್ಲ, ಚರ್ಮ ಹೊಳೆಯುತ್ತಿತ್ತು. ಜೊಲ್ಲು ನುಂಗಲಾಗದೆ ಎದೆಯ ಮೇಲೆ ಸುರಿಯುತ್ತಿತ್ತು. ಮಲಗಿಸಿದರೆ ಒದ್ದಾಡಿ ಎದ್ದು ಕೂರುತ್ತಿದ್ದಳು. ಉಸಿರು ತೆಗೆದಾಗಲೆಲ್ಲ ಗೊರ್ ಗೊರ್ ಎಂಬ ಸದ್ದು ಮೂರು ಕೋಣೆಗೂ ಕೇಳುತ್ತಿತ್ತು. ಅಜ್ಜಿ ಜಪ ಮಾಡುವುದನ್ನು ನಿಲ್ಲಿಸಿ ಆ ಸದ್ದನ್ನೇ ಆಲಿಸುತ್ತಾ ಕೂತಿದ್ದಳು. ಜಾನು ನನ್ನ ಕಡೆ ನೋಡಿದಳು. ಹೇಳು ಅಂತಲೋ, ಹೇಳಬೇಡ ಅಂತಲೋ ಇವತ್ತಿಗೂ ಗೊತ್ತಿಲ್ಲ.

ನಾನು ಚೀಲ ಬಿಸಾಕಿ ಕಣಕ್ಕೆ ಓಡಿದೆ. ಅಪ್ಪ ಕಾಫಿ ಹರಡುವ ಹೆಂಗಸರ ನಡುವೆ ನಿಂತಿದ್ದ. ಅವನ ಅಂಗಿ ಹಿಡಿದು ಎಳೆದು ಪಲ್ಪರಿನ ಗೋಡೆಯ ಹಿಂದೆ ಕರೆದುಕೊಂಡು ಹೋದೆ.

“ಅಪ್ಪ, ಅದು ಮಂಗನಬಾವು ಅಲ್ಲ. ಹಲ್ಲು. ಹಲ್ಲಲ್ಲಿ ತೂತು ಉಂಟು. ಕೀವಿತ್ತು.”

ಅಪ್ಪ ಬಗ್ಗಿ ನನ್ನ ಮುಖ ನೋಡಿದ.

“ನಿಂಗೆ ಯಾವಾಗಿಂದ ಗೊತ್ತು?”

“ಹುತ್ತರಿಗಿಂತ ಮೊದ್ಲಿಂದ.”

ಹೊಡೆಯುತ್ತಾನೆಂದು ಕಣ್ಣು ಮುಚ್ಚಿದೆ. ಅವನು ನನ್ನ ಹೆಗಲ ಮೇಲೆ ಕೈಯಿಟ್ಟು ನೋಯುವಷ್ಟು ಒತ್ತಿ ಹಿಡಿದ.

“ಸರಿ. ಇನ್ನು ನೀನು ಮಾತಾಡ್ಬೇಡ,” ಎಂದ. ಅದು ನನಗೆ ಕೊಟ್ಟ ಶಿಕ್ಷೆಯೆಂದೇ ಆಗ ತಿಳಿದೆ.

ಮನೆಗೆ ಬಂದವನೇ ಜಾನುವಿನ ತುಟಿಯನ್ನು ಬೆರಳಿಂದ ಬಿಡಿಸಿ ಮೂಗು ಹತ್ತಿರ ತಂದ. ಆಮೇಲೆ ಅವ್ವನಿಗೆ ಹೇಳಿದ:

“ಇದು ಹಲ್ಲಿಂದ ಬಂದದ್ದು. ನಂಗೆ ನಿನ್ನೆಯೇ ಅನುಮಾನ ಇತ್ತು. ಹೊರಡು, ಜೀಪು ತರ್ತೇನೆ.”

“ನಿನ್ನೆಯೇ ಇತ್ತಾ?” ಅವ್ವ ಕಿರುಚಿದಳು. “ಅನುಮಾನ ಇಟ್ಕೊಂಡು ಕಣದಲ್ಲಿ ನಿಂತಿದ್ರಾ ನೀವು?”

ಅಪ್ಪ ತಲೆ ತಗ್ಗಿಸಿದ. ನಾನು ಬಾಗಿಲ ಪಕ್ಕ ನಿಂತಿದ್ದೆ. ಎಸ್ಟೇಟಿನ ಜೀಪು ಬಂತು. ಅವ್ವ ಜಾನುವನ್ನು ನೆಟ್ಟಗೆ ಕೂರಿಸಿ ಅಪ್ಪಿ ಹಿಡಿದುಕೊಂಡಳು. ಜೀಪು ತಿರುವು ದಾಟಿದ ಮೇಲೂ ಆ ಗೊರಗೊರ ಸದ್ದು ನನ್ನ ಕಿವಿಯಲ್ಲಿತ್ತು. ಜಪ್ಪಯ್ಯ ಎಂದರೂ ಹೋಗಲಿಲ್ಲ.

ಎರಡು ದಿನ ಸುದ್ದಿಯಿಲ್ಲ. ಅಜ್ಜಿ ಒಲೆ ಹಚ್ಚಲಿಲ್ಲ. ಲೈನಿನಿಂದ ಯಾರೋ ಗಂಜಿ ತಂದುಕೊಟ್ಟರು. ಮೂರನೆಯ ದಿನ ಡ್ರೈವರ್ ಕುಟ್ಟಣ್ಣ ಬಂದು ಅಂಗಳದಲ್ಲಿ ನಿಂತು, ಟೋಪಿ ಕೈಯಲ್ಲಿ ಹಿಡಿದುಕೊಂಡೇ ಹೇಳಿದ. ಮಡಿಕೇರಿಯಲ್ಲಿ ನೋಡಿ ಆಗುವುದಿಲ್ಲವೆಂದು ಮೈಸೂರಿಗೆ ಕಳಿಸಿದರಂತೆ. ದಾರಿಯಲ್ಲಿ ಒಂದು ಸಲ ತುಟಿ ನೀಲಿಯಾಯಿತಂತೆ. ಅಲ್ಲಿ ಗಂಟಲ ಬಳಿ ತೂತು ಮಾಡಿ ಉಸಿರಿಗೆ ನಳಿಗೆ ಹಾಕಿ, ಗದ್ದದ ಕೆಳಗೆ ಕೊಯ್ದು ಕೀವು ತೆಗೆದರಂತೆ.

“ಜೀವ ಉಂಟಾ?” ಅಜ್ಜಿ ಕೇಳಿದಳು.

“ಉಂಟಮ್ಮ. ನಾನು ಬರುವಾಗ ಉಂಟು.”

ಆ “ಬರುವಾಗ” ಎಂಬ ಮಾತನ್ನು ಹಿಡಿದುಕೊಂಡು ನಾವಿಬ್ಬರೂ ಮತ್ತೆ ಎಷ್ಟು ದಿನ ಕಳೆದೆವೋ. ಅಜ್ಜಿ ಬೆಲ್ಲದ ಡಬ್ಬಿಯನ್ನು ಎತ್ತಿಕೊಂಡು ಹೋಗಿ ಎಲ್ಲವನ್ನೂ ದನದ ಕಲಗಚ್ಚಿಗೆ ಸುರಿದಳು.

ಜಾನು ಬದುಕಿ ಬಂದಳು. ಗದ್ದದ ಕೆಳಗೆ ಎರಡು ಕೆಂಪು ಗೆರೆ, ಗಂಟಲ ಗುಂಡಿಯಲ್ಲಿ ಒಂದು ಗುರುತು. ಆದರೆ ಬಂದವಳು ಬಾಯಿ ತೆಗೆಯುತ್ತಿರಲಿಲ್ಲ. ಗಂಜಿಯನ್ನು ತುಟಿಯ ಸಂದಿಯಿಂದ ಹೀರುತ್ತಿದ್ದಳು. ಮುಖದ ಹತ್ತಿರ ಯಾರ ಕೈ ಬಂದರೂ ಕಚ್ಚುತ್ತಿದ್ದಳು. ಮೈಸೂರಿನವರು ಆ ಹಲ್ಲನ್ನು ತೆಗೆದಿದ್ದರು. ಇನ್ನೂ ಮೂರು ಹಾಗೆಯೇ ಇವೆ, ಬೇಗ ತೋರಿಸದಿದ್ದರೆ ಮತ್ತೆ ಇದೇ ಆಗಬಹುದೆಂದು ಹೇಳಿ ಕಳಿಸಿದ್ದರು. ಆ ಮಾತು ನಮ್ಮ ಮನೆಯ ಮಾಡಿನ ಕೆಳಗೆ ತೂಗುತ್ತಿತ್ತು. ಅವಳು ಸ್ವಲ್ಪ ಕೆಮ್ಮಿದರೂ ನಾಲ್ಕು ಜನ ಒಟ್ಟಿಗೆ ತಲೆ ಎತ್ತಿ ನೋಡುತ್ತಿದ್ದೆವು.

ಕೊನೆಗೆ ಮಡಿಕೇರಿಯ ಆ ಮಹಡಿಗೇ ಹೋದೆವು. ಬಟ್ಟೆ ಅಂಗಡಿಯ ಮೇಲೆ ಎರಡು ಕೋಣೆ. ಡಾಕ್ಟರು ಒಬ್ಬ ಸಣಕಲು ಹೆಂಗಸು, ಹತ್ತಿಯ ಸೀರೆ, ಮೇಲೊಂದು ಬಿಳಿ ಕೋಟು. ಜಾನು ಬಾಗಿಲ ಚೌಕಟ್ಟನ್ನು ತಬ್ಬಿಕೊಂಡು ಕಿರುಚಿದಳು. ಕೆಳಗೆ ಅಂಗಡಿಯವರು ಹೊರಗೆ ಬಂದು ನೋಡಿದರು. ಅವ್ವ ಬಲವಂತವಾಗಿ ಎತ್ತಲು ಹೋದಳು.

“ಬೇಡಮ್ಮ, ಬಿಡಿ,” ಎಂದರು ಡಾಕ್ಟರು. “ಇವತ್ತು ಬಾಗಿಲವರೆಗೆ ಬಂದಿದ್ದಾಳಲ್ಲ, ಅಷ್ಟು ಸಾಕು. ಮುಂದಿನ ವಾರ ಬನ್ನಿ.”

ಬಸ್ಸು ಹಿಡಿದು ಅಷ್ಟು ದೂರ ಬಂದದ್ದು ಇದಕ್ಕೇನಾ ಎಂದು ಅವ್ವ ದಾರಿಯುದ್ದಕ್ಕೂ ಗೊಣಗಿದಳು. ಮುಂದಿನ ವಾರ ಜಾನು ಒಳಗೆ ಬಂದು ಗೋಡೆಗೆ ಒರಗಿ ನಿಂತಳು. ಡಾಕ್ಟರು ಅವಳನ್ನು ನೋಡಲೇ ಇಲ್ಲ. ಅವ್ವನನ್ನು ಕೇಳಿದರು:

“ಮನೇಲಿ ಇವಳಿಗೆ ಹಲ್ಲಿನ ಡಾಕ್ಟ್ರ ವಿಷಯ ಏನಂತ ಹೇಳಿದ್ರಿ?”

ಅವ್ವ ಸೆರಗಿನ ತುದಿ ನೋಡಿಕೊಂಡಳು. ನನ್ನ ಕಿವಿ ಬಿಸಿಯಾಯಿತು.

“ಹೋಗ್ಲಿ. ಇನ್ನು ಹೆದರಿಸ್ಬೇಡಿ. ಏನೂ ಆಗಲ್ಲ, ನೋವೇ ಇಲ್ಲ ಅಂತ ಸುಳ್ಳೂ ಹೇಳ್ಬೇಡಿ. ಒಂದು ಸಲ ಸುಳ್ಳು ಅಂತ ಗೊತ್ತಾದ್ರೆ ಮತ್ತೆ ನಂಬೋದಿಲ್ಲ.” ಆಮೇಲೆ ನನ್ನ ಕಡೆ ತಿರುಗಿದರು. “ನೀನು ಬಾ ಮಗು. ಮೊದಲು ನಿನ್ನ ಹಲ್ಲು ಎಣಿಸೋಣ. ತಂಗಿ ನೋಡ್ಲಿ.”

ಆ ಕುರ್ಚಿಯವರೆಗೆ ನಾಲ್ಕು ಹೆಜ್ಜೆ ಇತ್ತು. ನಾನು ಹೇಳಿದ ಕಥೆಗಳೆಲ್ಲ ಆ ನಾಲ್ಕು ಹೆಜ್ಜೆಯಲ್ಲಿ ನನಗೇ ಎದುರು ಬಂದವು. ಆದರೆ ಜಾನು ನೋಡುತ್ತಿದ್ದಳು. ಹತ್ತಿ ಕೂತೆ.

“ಎಡಗೈ ಎತ್ತಿದ್ರೆ ನಾನು ನಿಲ್ಲಿಸ್ತೇನೆ. ಯಾಕೆ ಅಂತ ಕೇಳಲ್ಲ,” ಎಂದರು ಡಾಕ್ಟರು. ಕನ್ನಡಿ ಕಡ್ಡಿಯನ್ನು ಮೊದಲು ನನ್ನ ಉಗುರಿಗೆ ತಾಗಿಸಿ ತೋರಿಸಿ, ಆಮೇಲೆ ಬಾಯೊಳಗೆ ಇಟ್ಟರು. ಒಂದು, ಎರಡು ಎಂದು ಗಟ್ಟಿಯಾಗಿ ಎಣಿಸಿದರು. ಒಂದು ಹಲ್ಲಿನಲ್ಲಿ ಹುಳುಕಿತ್ತು. ಚೂಪಾದ ಕಡ್ಡಿಯಿಂದ ಅದನ್ನು ಕೆದಕಿದಾಗ ಚುರುಕ್ಕೆಂದಿತು. ನನ್ನ ಕಣ್ಣಲ್ಲಿ ನೀರು ಬಂತು. ಜಾನು ಗೋಡೆ ಬಿಟ್ಟು ಹತ್ತಿರ ಬಂದಿದ್ದಳು.

“ಅಕ್ಕ, ನೋವಾ?”

ಅಷ್ಟು ತಿಂಗಳಲ್ಲಿ ಅವಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಡಾಕ್ಟರು ಕೈ ತೆಗೆದು ಕಾದರು.

“ಸ್ವಲ್ಪ ನೋವು,” ಎಂದೆ. “ತಡ್ಕೊಳ್ಳುವಷ್ಟು.”

ಡಾಕ್ಟರು ಮತ್ತೆ ಕಡ್ಡಿ ಇಟ್ಟರು. ಆಗ ಜಾನು ನನ್ನ ಎಡಗೈಯನ್ನು ಹಿಡಿದು ತಾನೇ ಮೇಲೆತ್ತಿದಳು. ಡಾಕ್ಟರು ಕೂಡಲೇ ನಿಲ್ಲಿಸಿದರು. ಕೈಯನ್ನು ಇಳಿಸಿದಳು. ಶುರುಮಾಡಿದರು. ಮತ್ತೆ ಎತ್ತಿದಳು. ಮತ್ತೆ ನಿಲ್ಲಿಸಿದರು. ಹೀಗೆ ಎಷ್ಟು ಸಲ ಪರೀಕ್ಷೆ ಮಾಡಿದಳೋ, ಅಷ್ಟು ಸಲವೂ ಆ ಹೆಂಗಸು ಬೇಸರವಿಲ್ಲದೆ ನಿಲ್ಲಿಸಿದರು. ಮೂರನೆಯ ವಾರ ಜಾನು ಅವ್ವನ ಮಡಿಲಲ್ಲಿ ಕೂತು, ನನ್ನ ಕೈ ಹಿಡಿದುಕೊಂಡು, ಬಾಯಿ ತೆಗೆದಳು. ಕೆಟ್ಟ ಹಲ್ಲುಗಳೆಲ್ಲ ಮುಗಿಯುವಷ್ಟರಲ್ಲಿ ಮಳೆಗಾಲ ಹಿಡಿದಿತ್ತು.

ಈಗ ಜಾನುವಿಗೆ ಇಬ್ಬರು ಮಕ್ಕಳು. ನಾನು ಗೋಣಿಕೊಪ್ಪಲಿನಲ್ಲಿ ಸಣ್ಣ ಮಕ್ಕಳ ಟೀಚರಾಗಿ ಕೆಲಸ ಮಾಡಿದೆ. ಶಾಲೆಗೆ ಹಲ್ಲಿನ ಡಾಕ್ಟರು ಬರುವ ದಿನ ಮೊದಲು ನಾನು ಕೂತು ಬಾಯಿ ತೆಗೆಯುತ್ತಿದ್ದೆ. ಗಲಾಟೆ ಮಾಡಿದರೆ ಸೂಜಿ ಚುಚ್ಚಿಸುತ್ತೇನೆ ಎಂದು ಹೇಳಿದ ಆಯಾಳ ಮೇಲೆ ಒಮ್ಮೆ ಎಲ್ಲರೆದುರು ಕೂಗಾಡಿ, ಆಮೇಲೆ ಕ್ಷಮೆ ಕೇಳಿದ್ದೂ ಉಂಟು. ಜಾನು ನನ್ನನ್ನು ಎಂದೂ ದೂರಲಿಲ್ಲ. ಅವಳಿಗೆ ಆ ದಿನಗಳ ನೆನಪೇ ಇಲ್ಲವಂತೆ. ನಾನು ಪೂರ್ತಿ ನಂಬಿಲ್ಲ.

ಆದರೆ ಅಪ್ಪ. ಎಷ್ಟು ವರ್ಷವಾದರೂ, ಜಗಳ ಯಾವುದರಿಂದ ಶುರುವಾದರೂ, ಅವ್ವ ಅದನ್ನು ಅಲ್ಲಿಗೇ ತಂದು ನಿಲ್ಲಿಸುತ್ತಿದ್ದಳು: ಗೊತ್ತಿದ್ದೂ ಸುಮ್ಮನಿದ್ದವರಲ್ವಾ ನೀವು. ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ. ಒಂದೆರಡು ಸಲ ನಾನು ಹೇಳಲು ಬಾಯಿ ತೆರೆದೆ. ಅವನು ನನ್ನನ್ನು ನೋಡಿ ಬೇಡವೆಂದು ಸಣ್ಣಗೆ ತಲೆಯಾಡಿಸಿದ. ಹಾಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಮಾತನ್ನು ಹೊತ್ತು, ಹೊತ್ತುಕೊಂಡೇ ತೀರಿಹೋದ.

ಅವನ ವರ್ಷದ ಕಾರ್ಯ ಮುಗಿದ ಮೇಲೆ ನಾನು ಅವ್ವನಿಗೆ ಹೇಳಿದೆ. ಜಾನುವಿನ ಮನೆಯ ಜಗಲಿಯಲ್ಲಿ ಅವಳು ಅಕ್ಕಿ ಆರಿಸುತ್ತಾ ಕೂತಿದ್ದಳು. ಗುಳ್ಳೆ, ಲವಂಗ, ಪಲ್ಪರಿನ ಗೋಡೆ, ಒಂದನ್ನೂ ಬಿಡದೆ ಹೇಳಿದೆ. ಅವಳ ಬೆರಳು ಮೊರದ ಮೇಲೆ ನಿಂತಿತು. ನನಗೆ ಬೈಯುತ್ತಾಳೆಂದು, ಒಂದು ರೀತಿಯಲ್ಲಿ ಬೈಯಲಿ ಎಂದೇ, ಕಾದೆ. ಅವಳು ನನ್ನ ಕಡೆ ನೋಡಲಿಲ್ಲ.

“ಒಂದು ಸಲವಾದ್ರೂ ಹೇಳ್ಬಾರ್ದಿತ್ತಾ ಅವ್ರು,” ಎಂದಳು. ಮೊರದ ಅಂಚು ಹಿಡಿದುಕೊಂಡು, “ಆಸ್ಪತ್ರೆಯಲ್ಲಿ ಅವ್ರ ಕೊನೇ ದಿನವೂ ನಾನು ಅದನ್ನೇ ಅಂದೆ,” ಎಂದಳು.

ಮೊರವನ್ನು ಪಕ್ಕಕ್ಕಿಟ್ಟು, ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದಳು. ಅಜ್ಜಿ ಯಾಕೆ ಬಾಗಿಲು ಹಾಕಿಕೊಂಡಳೆಂದು ಜಾನುವಿನ ಮಗಳು ನನ್ನನ್ನು ಬಂದು ಕೇಳಿದಳು.